ತಪ್ಪು ಯಾವ ಕಡೆಗೆ ವಾಲಿದೆ? ಕುಡಿದು ಚಾಲನೆ ಕೇಸಿನ ರಕ್ತ ವರದಿಯನ್ನು ಓದುವ ಬಗೆ

ಶಿವಮೊಗ್ಗದಲ್ಲಿ ಕಿರಿಯ ವಕೀಲರು, ಕಾನೂನು ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಕುಡಿದು ವಾಹನ ಓಡಿಸಿದ ಕೇಸಿನಲ್ಲಿ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಕೈಗೆ ಬಂದರೆ ಹೆಚ್ಚಿನವರು ಓದುವುದು ಒಂದೇ ಸಾಲು: 100 ಮಿಲಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಈಥೈಲ್ ಆಲ್ಕೋಹಾಲ್. ಅಂಕಿ ಕಾನೂನಿನ ಮಿತಿಯಾದ 30ಕ್ಕಿಂತ ಮೇಲಿದ್ದರೆ ಕಕ್ಷಿದಾರನಿಗೆ 'ಒಪ್ಪಿಕೊಂಡು ದಂಡ ಕಟ್ಟಿಬಿಡು' ಎಂದು ಹೇಳಿ ಫೈಲು ಮುಚ್ಚುತ್ತಾರೆ. ಇನ್ನು ಕೆಲವರದು ಇದಕ್ಕೆ ವಿರುದ್ಧವಾದ ಚಾಳಿ. ಕಡತದಲ್ಲಿ ಕಂಡ ಲೋಪಗಳನ್ನೆಲ್ಲ ಗುಡ್ಡೆ ಹಾಕಿ ಮ್ಯಾಜಿಸ್ಟ್ರೇಟರ ಮುಂದೆ ಸುರಿಯುತ್ತಾರೆ. ಎರಡೂ ಸೋಲುವ ದಾರಿಗಳೇ. ಲೋಪ ಸಿಕ್ಕ ಕೂಡಲೇ ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಇದರಿಂದ ಅಂಕಿ ಏರುತ್ತದೋ, ಇಳಿಯುತ್ತದೋ? ಅಂಕಿಯನ್ನು ಇಳಿಸುವಂಥ ಲೋಪದ ಮೇಲೆ ಅರ್ಧ ಗಂಟೆ ವಾದಿಸಿದರೆ, ನಿಜವಾದ ಪ್ರಮಾಣ ಇನ್ನೂ ಹೆಚ್ಚಿತ್ತು ಎಂದು ನೀವೇ ಸಾಬೀತು ಮಾಡಿಕೊಟ್ಟಂತೆ. ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು 'ಒಪ್ಪಿಕೊಂಡುಬಿಡು' ಎಂಬ ಸಲಹೆಯ ಬೆಲೆ ಏನೆಂದು ನೋಡಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 185ರಡಿ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸಜೆ ಅಥವಾ 15,000 ದಂಡ ಅಥವಾ ಎರಡೂ. 2019ರ ತಿದ್ದುಪಡಿಯಿಂದ ಬಂದ ಈ ದಂಡದ ಮೊತ್ತ ಎಲ್ಲರಿಗೂ ಗೊತ್ತು. ಹೆಚ್ಚಿನವರು ಮರೆಯುವುದು ಕಲಂ 20ರ ಎರಡನೇ ಉಪಕಲಂ. 185ರಡಿ ಶಿಕ್ಷೆಯಾದರೆ ನ್ಯಾಯಾಲಯ ಕನಿಷ್ಠ 6 ತಿಂಗಳು ಲೈಸೆನ್ಸ್ ಅನರ್ಹಗೊಳಿಸಬೇಕು. ಅಡಿಕೆ ಸಾಗಿಸುವ ಪಿಕಪ್ ಓಡಿಸುವವನಿಗೆ, ಸಿಗಂದೂರು–ಜೋಗಕ್ಕೆ ಬಾಡಿಗೆ ಹೊಡೆಯುವ ಟ್ಯಾಕ್ಸಿ ಚಾಲಕನಿಗೆ 10,000 ದೊಡ್ಡದಲ್ಲ, ಆ 6 ತಿಂಗಳು ದೊಡ್ಡದು. ಕಲಂ 200ರ ರಾಜಿ ಪಟ್ಟಿಯಲ್ಲಿ 185 ಇಲ್ಲ, ಹಾಗಾಗಿ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಅಪರಾಧವೂ ಇದಲ್ಲ. ಯಾರಾದರೂ ರಸ್ತೆ ಬದಿಯಲ್ಲೇ 'ಮುಗಿಸಿಕೊಟ್ಟರೆ' ಅದಕ್ಕೆ ಬೇರೆ ಹೆಸರಿದೆ.

ಇನ್ನು ಕಾನೂನಿನ ಮೆಟ್ಟಿಲುಗಳು. ಕಲಂ 203: ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಸಮಂಜಸವಾದ ಅನುಮಾನವಿದ್ದರೆ, ಚಾಲಕನಿಂದ ಉಸಿರಿನ ಮಾದರಿ ಕೇಳಬಹುದು. ನಾವು ಆಲ್ಕೋಮೀಟರ್ ಎನ್ನುವ ಆ ಉಪಕರಣ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅನುಮೋದಿಸಿದ ಮಾದರಿಯದ್ದಾಗಿರಬೇಕು. ಕಲಂ 204: ಉಸಿರಿನಲ್ಲಿ ಮದ್ಯ ಕಂಡಿದ್ದರೆ, ಅಥವಾ ಅವಕಾಶ ಕೊಟ್ಟರೂ ಊದಲು ಒಪ್ಪದಿದ್ದರೆ, ಬಂಧಿತನಿಂದ ರಕ್ತ ಕೇಳಬಹುದು. ರಕ್ತ ತೆಗೆಯಬೇಕಾದವರು ನೋಂದಾಯಿತ ವೈದ್ಯರು. ಆರೋಪಿ ಮಹಿಳೆಯಾಗಿದ್ದು ವೈದ್ಯರು ಪುರುಷರಾಗಿದ್ದರೆ ಇನ್ನೊಬ್ಬ ಮಹಿಳೆ ಎದುರಿಗಿರಲೇಬೇಕು. 'ಪ್ರಯೋಗಾಲಯ ಪರೀಕ್ಷೆ' ಎಂದರೆ ಕೇಂದ್ರ ಅಥವಾ ರಾಜ್ಯ ಸರ್ಕಾರ ಸ್ಥಾಪಿಸಿದ, ನಡೆಸುವ ಅಥವಾ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಮಾಡಿದ ವಿಶ್ಲೇಷಣೆ. ಮಾನ್ಯತೆಯಿಲ್ಲದ ಖಾಸಗಿ ಲ್ಯಾಬಿನ ಚೀಟಿ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಆಲ್ಕೋಮೀಟರ್ ಹಂತವನ್ನೇ ಬಿಟ್ಟು ನೇರ ಆಸ್ಪತ್ರೆಗೆ ಕರೆದೊಯ್ದಿದ್ದರೆ? 204ರ ಮೆಟ್ಟಿಲು ತಪ್ಪಿದೆ ಎಂದು ಧಾರಾಳವಾಗಿ ವಾದಿಸಬಹುದು. ಆದರೆ ಎದುರಿನವರಿಗೆ ಎರಡು ಆಸರೆಗಳಿವೆ. 2019ರ ನಂತರ ಕಲಂ 185ರಲ್ಲೇ 'ಪ್ರಯೋಗಾಲಯ ಪರೀಕ್ಷೆಯೂ ಸೇರಿದಂತೆ ಬೇರೆ ಯಾವುದೇ ಪರೀಕ್ಷೆ' ಎಂಬ ಮಾತು ಸೇರಿದೆ. ಜೊತೆಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 51, ಅಂದರೆ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 53, ಬಂಧಿತನ ವೈದ್ಯಕೀಯ ಪರೀಕ್ಷೆಗೆ ಸಾಮಾನ್ಯ ಅಧಿಕಾರ ಕೊಡುತ್ತದೆ, ರಕ್ತವೂ ಅದರಲ್ಲಿ ಸೇರಿದೆ. ರಕ್ತ ಕೊಡಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದಂತೆ ಎಂಬ ವಾದವಂತೂ ಸುಪ್ರೀಂ ಕೋರ್ಟಿನ 1961ರ ಕಾಥಿ ಕಾಲು ಓಘಡ್ ತೀರ್ಪಿನಲ್ಲೇ ಮುಗಿದುಹೋದ ಕಥೆ. ನಮ್ಮ ರಾಜ್ಯದಿಂದಲೇ ಹೋದ ಮಂಪರು ಪರೀಕ್ಷೆ ಕುರಿತ 2010ರ ಸೆಲ್ವಿ ಪ್ರಕರಣವೂ ಆ ನಿಲುವನ್ನು ಕದಲಿಸಲಿಲ್ಲ. ಅಲ್ಲಿ ಸಮಯ ಕಳೆಯಬೇಡಿ.

ಎರಡು ಗಂಟೆಯ ವಿಷಯಕ್ಕೆ ಬರೋಣ. ಮಲೆನಾಡಿನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಕಲಂ 202ರ ಪ್ರಕಾರ 185ರಡಿ ಬಂಧಿತನಾದವನನ್ನು ಬಂಧನದಿಂದ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ತಪ್ಪಿದರೆ ಬಿಡುಗಡೆ ಮಾಡಬೇಕು. ಆಗುಂಬೆ ಘಾಟಿಯ ತಲೆಯಲ್ಲಿ ರಾತ್ರಿ 10ಕ್ಕೆ ಹಿಡಿದವನನ್ನು ಸುಮಾರು 30 ಕಿಲೋಮೀಟರ್ ದೂರದ ತೀರ್ಥಹಳ್ಳಿಗೆ ತರಬೇಕು. ಅಲ್ಲಿ ಡ್ಯೂಟಿ ಡಾಕ್ಟರು ಹೆರಿಗೆ ಕೊಠಡಿಯಲ್ಲಿದ್ದರೆ ಕಾಯಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಕಳಿಸಿದರೆ ಮತ್ತೆ 60 ಕಿಲೋಮೀಟರ್. ಹುಲಿಕಲ್ ಕಡೆಯಿಂದ ಹೊಸನಗರಕ್ಕೆ ಬರುವ ದಾರಿಯಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೂ ಲೆಕ್ಕವೆಲ್ಲ ತಲೆಕೆಳಗು. ಆದರೆ ಕಲಂ ಓದುವಾಗ ಹುಷಾರು. ಅದು ಹೇಳಿರುವುದು ಕಸ್ಟಡಿಯಿಂದ ಬಿಡುಗಡೆ, ಕೇಸಿನಿಂದ ಖುಲಾಸೆ ಅಲ್ಲ. ತಡವಾಗಿ ತೆಗೆದ ರಕ್ತವನ್ನು ಸಾಕ್ಷ್ಯದಿಂದ ಹೊರಗಿಡಬೇಕು ಎಂಬ ಮಾತು ಅಲ್ಲಿಲ್ಲ. ಎರಡು ಗಂಟೆ ಮೀರಿದ್ದರ ನಿಜವಾದ ಉಪಯೋಗ ಬೇರೆ ಕಡೆ ಇದೆ: ಗಾಡಿ ಓಡಿಸಿದ ಹೊತ್ತಿಗೂ ಸೂಜಿ ಚುಚ್ಚಿದ ಹೊತ್ತಿಗೂ ನಡುವೆ ರಕ್ತದಲ್ಲಿ ಏನಾಯಿತು ಎಂಬಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಟ್ಯೂಬು. ಇಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ಅಂಕಿಯನ್ನು ನಿಜವಾಗಿ ಏರಿಸಬಲ್ಲ ತಪ್ಪುಗಳು ಇಲ್ಲೇ ಆಗುವುದು.

ಮದ್ಯದ ಪರೀಕ್ಷೆಗೆ ತೆಗೆದ ರಕ್ತಕ್ಕೆ ಎರಡು ಪುಡಿಗಳು ಬೇಕು. ಪೊಟ್ಯಾಸಿಯಂ ಆಕ್ಸಲೇಟ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಸೋಡಿಯಂ ಫ್ಲೋರೈಡ್ ಸೂಕ್ಷ್ಮಜೀವಿಗಳ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ವಿಧಿವಿಜ್ಞಾನದ ಕೆಲಸಕ್ಕೆ ಫ್ಲೋರೈಡ್ ಪ್ರಮಾಣ ಪ್ರತಿ ಮಿಲಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ, ಅಂದರೆ ಶೇಕಡಾ 1, ಇರಬೇಕು. ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಗೆಂದು ಇಟ್ಟಿರುವ ಬೂದು ಮುಚ್ಚಳದ ಸಣ್ಣ ಟ್ಯೂಬಿನಲ್ಲೂ ಫ್ಲೋರೈಡ್ ಇರುತ್ತದೆ, ಆದರೆ ಸಾಮಾನ್ಯವಾಗಿ ಮಿಲಿಲೀಟರಿಗೆ 2.5 ಮಿಲಿಗ್ರಾಂ ಆಸುಪಾಸು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ, ಕೆಂಪು ಮುಚ್ಚಳದ ಸಾದಾ ಟ್ಯೂಬಿನಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವಂಥದ್ದು ಏನೂ ಇಲ್ಲ. ಆದ್ದರಿಂದ ವೈದ್ಯರ ಪಾಟಿ ಸವಾಲಿನಲ್ಲಿ ಮೊದಲ ಪ್ರಶ್ನೆ ಸರಳವಾಗಿರಲಿ: ಟ್ಯೂಬಿನ ಮುಚ್ಚಳ ಯಾವ ಬಣ್ಣದ್ದು? ನೆನಪಿಲ್ಲ ಎಂದರೆ ದಾಖಲೆಯಲ್ಲಿ ಎಲ್ಲಿದೆ ಎಂದು ಕೇಳಿ. ಹಲವು ಕಡೆ ದಾಖಲೆ ಎಂದರೆ 'ರಕ್ತ ಸಂಗ್ರಹಿಸಿ ಸೀಲು ಮಾಡಿ ಪೊಲೀಸರಿಗೆ ಕೊಡಲಾಗಿದೆ' ಎಂಬ ಒಂದು ಗೆರೆ ಮಾತ್ರ.

ಫ್ಲೋರೈಡ್ ಇಲ್ಲದಿದ್ದರೆ ಏನಾಗುತ್ತದೆ? ರಕ್ತದಲ್ಲಿ ಸಕ್ಕರೆ ಇದೆ. ಯೀಸ್ಟ್ ಜಾತಿಯ ಜೀವಿ, ಮುಖ್ಯವಾಗಿ ಕ್ಯಾಂಡಿಡಾ, ಒಳಗೆ ಸೇರಿ ಬೆಚ್ಚಗೆ ಉಳಿದರೆ ಆ ಸಕ್ಕರೆಯನ್ನು ಈಥೈಲ್ ಆಲ್ಕೋಹಾಲ್ ಆಗಿ ಮಾರ್ಪಡಿಸುತ್ತದೆ. ಲೆಕ್ಕ ಮಾಡಿ: 180 ಗ್ರಾಂ ಗ್ಲೂಕೋಸ್ ಪೂರ್ತಿ ಹುಳಿದರೆ 92 ಗ್ರಾಂ ಈಥೈಲ್ ಆಲ್ಕೋಹಾಲ್. ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಸಕ್ಕರೆ ಇರುವ ಆರೋಗ್ಯವಂತನ ಮಾದರಿಯಲ್ಲಿ ಹೆಚ್ಚೆಂದರೆ 51 ಮಿಲಿಗ್ರಾಂ ಹುಟ್ಟಬಹುದು. ಸಕ್ಕರೆ ಕಾಯಿಲೆಯವನ ರಕ್ತದಲ್ಲಿ 300 ಇದ್ದರೆ ಗರಿಷ್ಠ 153. ಇದು ಸಿದ್ಧಾಂತದ ಮೇಲ್ಮಿತಿ. ಶುದ್ಧವಾಗಿ ತೆಗೆದು ಫ್ರಿಜ್ಜಿನಲ್ಲಿಟ್ಟ ರಕ್ತದಲ್ಲಿ ಇದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ನಮ್ಮ ಮಿತಿ 30 ಎಂಬುದನ್ನು ಮರೆಯಬೇಡಿ. ಇಂಗ್ಲೆಂಡ್ 1967ರಲ್ಲಿ ಹಾಕಿಕೊಂಡ ಮಿತಿ 80. ಅಲ್ಲಿ ಕ್ಷುಲ್ಲಕ ಎನಿಸುವ ಏರಿಕೆಯೂ ಇಲ್ಲಿ ಗೆರೆ ದಾಟಿಸಿಬಿಡಬಹುದು.

ಹಾಗಾಗಿ ನಿಮ್ಮ ಪ್ರಶ್ನೆಗಳು ಮೂರನ್ನೂ ಒಟ್ಟಿಗೆ ಹಿಡಿಯಬೇಕು: ಫ್ಲೋರೈಡ್ ಇರಲಿಲ್ಲ ಅಥವಾ ಸಾಲದಷ್ಟಿತ್ತು, ಪಾತ್ರೆ ಶುದ್ಧವಿರಲಿಲ್ಲ, ಉದಾಹರಣೆಗೆ ತೊಳೆದ ಖಾಲಿ ಇಂಜೆಕ್ಷನ್ ಬಾಟಲಿ, ತಂಪು ತಪ್ಪಿತ್ತು. ಒಂದೇ ಒಂದು ಇದ್ದರೆ ವಾದಕ್ಕೆ ಬಲವಿಲ್ಲ. ಶೇಕಡಾ 1 ಫ್ಲೋರೈಡ್ ಇದ್ದು, ಟ್ಯೂಬು ತುಂಬಿದ್ದು, ಮುಚ್ಚಳ ಬಿಗಿಯಿದ್ದರೆ ವರದಿ ನಾಲ್ಕು ತಿಂಗಳು ತಡವಾಯಿತೆಂಬ ಕೂಗಿನಿಂದ ಪ್ರಯೋಜನವಿಲ್ಲ. ಕಾಲ ಕಳೆದಂತೆ ಅಂಥ ಮಾದರಿಯಲ್ಲಿ ಮದ್ಯ ನಿಧಾನವಾಗಿ ಇಳಿಯುತ್ತದೆ. ತಡ ಆರೋಪಿಗೆ ಲಾಭವನ್ನೇ ಮಾಡಿದೆ. ಮುಚ್ಚಳ ಸಡಿಲವಿತ್ತು, ರಕ್ತ ಸೋರಿತ್ತು ಎಂಬುದೂ ಹಾಗೆಯೇ, ಆವಿಯಾಗಿ ಹೋದದ್ದು ಅಂಕಿಯನ್ನು ತಗ್ಗಿಸಿದೆ. ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದರು ಎಂಬ ಆಕ್ಷೇಪ ಬಹಳ ಜನರಿಗೆ ಇಷ್ಟ, ಆದರೆ ಸಲೈನ್ ರಕ್ತವನ್ನು ತೆಳುಗೊಳಿಸುತ್ತದೆ. ಇವು ಯಾವುವೂ ನಿಮ್ಮ ಪರ ಅಲ್ಲ. ಸೀಲು ಒಡೆದಿತ್ತು ಎಂಬ ಅಂಶದ ಜೊತೆ ಸೇರಿಸಿ, ಮಾದರಿಯ ಮೇಲೆ ಯಾರದೂ ನಿಗಾ ಇರಲಿಲ್ಲ ಎಂದು ತೋರಿಸಲು ಮಾತ್ರ ಬಳಸಿ.

ಹೆಪ್ಪುಗಟ್ಟಿದ ರಕ್ತದ ವಿಷಯ ಬೇರೆ. ರಕ್ತ ತೆಗೆದ ತಕ್ಷಣ ಟ್ಯೂಬನ್ನು ಎಂಟು–ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಪುಡಿ ಬೆರೆಸದಿದ್ದರೆ ರಕ್ತ ಹೆಪ್ಪಾಗುತ್ತದೆ. ಗಟ್ಟಿ ಮೊಸರಿನ ಮೇಲೆ ತಿಳಿನೀರು ನಿಂತ ಹಾಗೆ ಸೀರಂ ಮೇಲೆ ನಿಲ್ಲುತ್ತದೆ. ಮದ್ಯ ನೀರನ್ನು ಹಿಂಬಾಲಿಸುವ ವಸ್ತು, ಇಡೀ ರಕ್ತಕ್ಕಿಂತ ಸೀರಂನಲ್ಲಿ ನೀರಿನ ಪಾಲು ಹೆಚ್ಚು, ಆದ್ದರಿಂದ ಮದ್ಯವೂ ಹೆಚ್ಚು. ಸರಾಸರಿ 1.15 ಪಟ್ಟು, ವ್ಯಕ್ತಿಯಿಂದ ವ್ಯಕ್ತಿಗೆ ಸ್ವಲ್ಪ ಆಚೀಚೆ. ಹೆಪ್ಪನ್ನು ಅರೆದು ಏಕರೂಪ ಮಾಡದೆ ಮೇಲಿನ ತಿಳಿಯನ್ನಷ್ಟೇ ಹೀರಿ ಅಳೆದರೆ ಅಂಕಿ ಏರಿಯೇ ಏರುತ್ತದೆ. ಸೀರಂನಲ್ಲಿ 34 ಬಂದಿದ್ದರೆ ರಕ್ತದಲ್ಲಿ ಅದು ಸುಮಾರು 29.6. ಕಾನೂನಿನ ಗೆರೆ ಹಾಕಿರುವುದು ರಕ್ತದ ಮೇಲೆ, ಸೀರಂ ಮೇಲಲ್ಲ.

ಅಪಘಾತದಲ್ಲಿ ಗಾಯಗೊಂಡವನ ಆಸ್ಪತ್ರೆ ಲ್ಯಾಬ್ ಚೀಟಿಯನ್ನು ಪೊಲೀಸರು ಕಡತಕ್ಕೆ ಸೇರಿಸಿದ್ದರೆ ಈ ಸಂಗತಿ ಇನ್ನೂ ಮುಖ್ಯ. ಚಿಕಿತ್ಸೆಗಾಗಿ ಮಾಡುವ ಮದ್ಯ ಪರೀಕ್ಷೆ ಬಹುತೇಕ ಸೀರಂ ಅಥವಾ ಪ್ಲಾಸ್ಮಾದ ಮೇಲೆ, ಕಿಣ್ವ ಆಧಾರಿತ ವಿಧಾನದಲ್ಲಿ. ಆ ವಿಧಾನ 340 ನ್ಯಾನೋಮೀಟರ್ ಬೆಳಕಿನಲ್ಲಿ, ಮದ್ಯದ ಮೇಲೆ ಕಿಣ್ವ ಕೆಲಸ ಮಾಡಿದಾಗ ಹುಟ್ಟುವ ಎನ್‌ಎಡಿಎಚ್ ಎಂಬ ವಸ್ತುವಿನ ಏರಿಕೆಯನ್ನು ಅಳೆಯುತ್ತದೆ. ತೀವ್ರ ಗಾಯ, ಆಘಾತಗಳಲ್ಲಿ ರಕ್ತದಲ್ಲಿ ಲ್ಯಾಕ್ಟೇಟ್ ಮತ್ತು ಅದರ ಕಿಣ್ವ ಎರಡೂ ವಿಪರೀತ ಏರಿದ್ದರೆ, ಮದ್ಯವಿಲ್ಲದೆಯೂ ಅದೇ ಎನ್‌ಎಡಿಎಚ್ ಹುಟ್ಟಿ ಸುಳ್ಳು ಅಂಕಿ ಕಾಣಿಸಿಕೊಳ್ಳಬಹುದು. ವೈದ್ಯರಿಗೆ ಚಿಕಿತ್ಸೆಗೆ ಅಷ್ಟು ಸಾಕು. ಸಜೆಗೆ ಸಾಲದು.

ಸ್ಪಿರಿಟ್ ಹತ್ತಿಯ ವಾದವನ್ನು ಕೇಳದ ವಕೀಲರಿಲ್ಲ. ಚರ್ಮ ಒರೆಸಲು ಸ್ಪಿರಿಟ್ ಬಳಸಬಾರದು, ಮದ್ಯವಿಲ್ಲದ ಅಯೋಡಿನ್ ದ್ರಾವಣ ಅಥವಾ ಸೋಪುನೀರು ಬಳಸಬೇಕು ಎಂಬ ನಿಯಮ ಸರಿ. ಆದರೆ ಚರ್ಮ ಒಣಗಿದ ಮೇಲೆ ಸೂಜಿ ಚುಚ್ಚಿದ್ದರೆ ಅದರಿಂದ ರಕ್ತಕ್ಕೆ ಸೇರುವುದು ಗಣನೆಗೆ ಬಾರದಷ್ಟು. ಒದ್ದೆ ಹತ್ತಿಯನ್ನು ಸೂಜಿಯ ಮೇಲೇ ಒತ್ತಿಹಿಡಿದು ಸಿರಿಂಜ್ ಎಳೆದಿದ್ದರೆ ಆಗ ಸಂಶಯಕ್ಕೆ ಜಾಗವುಂಟು. ವರದಿಯಲ್ಲಿ 33 ಇದ್ದರೆ ಈ ಪ್ರಶ್ನೆ ಕೇಳಿ. 160 ಇದ್ದರೆ ಕೇಳಿ ನಗೆಪಾಟಲಾಗಬೇಡಿ.

ಅಂಕಿ ದೊಡ್ಡದಿದ್ದು, ಕಕ್ಷಿದಾರ ಪ್ರಾಮಾಣಿಕವಾಗಿ ಕುಡಿದಿಲ್ಲ ಎನ್ನುತ್ತಿದ್ದರೆ, ನೋಡಬೇಕಾದದ್ದು ರಸಾಯನವನ್ನಲ್ಲ, ಹೆಸರಿನ ಚೀಟಿಯನ್ನು. ಹೊಸವರ್ಷದ ರಾತ್ರಿ, ಇಲ್ಲವೇ ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ, ಒಂದೇ ಆಸ್ಪತ್ರೆಯಲ್ಲಿ ಒಂದೇ ರಾತ್ರಿ ಹಲವರ ರಕ್ತ ತೆಗೆಯಬೇಕಾಗುತ್ತದೆ. ಟ್ಯೂಬಿಗೆ ಚೀಟಿ ಅಂಟಿಸಿದ್ದು ಹಾಸಿಗೆಯ ಪಕ್ಕದಲ್ಲೋ, ಎಲ್ಲ ಮುಗಿದ ಮೇಲೆ ಮೇಜಿನ ಬಳಿಯೋ? ಆರೋಪಿಯ ಸಹಿ ಅಥವಾ ಹೆಬ್ಬೆಟ್ಟು ಇದೆಯೇ? ಸೀಲನ್ನು ಹೋಲಿಸಿ ನೋಡಲು ಮಾದರಿ ಮೊಹರಿನ ಪ್ರತಿ ಜೊತೆಗೆ ಹೋಗಿದೆಯೇ? ಠಾಣೆಯ ಮುದ್ದೆಮಾಲು (ವಶಪಡಿಸಿಕೊಂಡ ವಸ್ತುಗಳ) ರಿಜಿಸ್ಟರಿನ ಕ್ರಮಸಂಖ್ಯೆ, ಒಯ್ದ ಕಾನ್‌ಸ್ಟೇಬಲ್‌ನ ಪಾಸ್‌ಪೋರ್ಟ್ ಪತ್ರ, ಅಂದರೆ ಅವನನ್ನು ಆ ಕೆಲಸಕ್ಕೆ ಕಳಿಸಿದ ಠಾಣೆಯ ಆದೇಶಪತ್ರ, ದಾವಣಗೆರೆಯ ಪ್ರಾದೇಶಿಕ ಪ್ರಯೋಗಾಲಯದ್ದೋ ಬೆಂಗಳೂರು ಮಡಿವಾಳದ್ದೋ ಸ್ವೀಕೃತಿ, ಈ ಮೂರರ ದಿನಾಂಕಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಡುವೆ ಐದು ದಿನ ಖಾಲಿ ಬಿದ್ದಿದ್ದರೆ ಆ ಐದು ದಿನ ಟ್ಯೂಬು ಎಲ್ಲಿತ್ತು ಎಂದು ಕಾನ್‌ಸ್ಟೇಬಲ್‌ಗೇ ಕೇಳಿ. ಠಾಣೆಯಲ್ಲಿ ಫ್ರಿಜ್ ಇದೆಯೇ, ಆಷಾಢದ ಮಳೆಯಲ್ಲಿ ಎರಡು ದಿನ ಕರೆಂಟ್ ಇಲ್ಲದಾಗ ಏನು ಮಾಡಿದಿರಿ, ಇವು ಇಲ್ಲಿನ ನ್ಯಾಯಾಧೀಶರಿಗೆ ವಿವರಿಸಿ ಹೇಳಬೇಕಾದ ಪ್ರಶ್ನೆಗಳೇನಲ್ಲ. ಟ್ಯೂಬಿನಲ್ಲಿ ರಕ್ತ ಉಳಿದಿದ್ದರೆ ಡಿಎನ್‌ಎ ಹೋಲಿಕೆಗೆ ಅರ್ಜಿ ಹಾಕಬಹುದು. ಆದರೆ ಕಕ್ಷಿದಾರ ಸುಳ್ಳು ಹೇಳುತ್ತಿದ್ದರೆ ಅದೇ ಅರ್ಜಿ ಅವನನ್ನು ಕಟ್ಟಿಹಾಕುತ್ತದೆ.

ಅವನ ಮಾತನ್ನು ಒರೆಗೆ ಹಚ್ಚಲು ಒಂದು ಲೆಕ್ಕ ಕಲಿತಿರಿ. ಇಲ್ಲಿ ಸಿಗುವ ವಿಸ್ಕಿ, ರಮ್ಮು, ಬ್ರಾಂದಿ ಸಾಮಾನ್ಯವಾಗಿ ಶೇಕಡಾ 42.8 ಮದ್ಯಸಾರದವು. 30 ಮಿಲಿಲೀಟರ್ ಪೆಗ್ಗಿನಲ್ಲಿ 12.84 ಮಿಲಿಲೀಟರ್, ಅದನ್ನು 0.789ರಿಂದ ಗುಣಿಸಿದರೆ ಸುಮಾರು 10.1 ಗ್ರಾಂ. 65 ಕಿಲೋ ತೂಕದ ಗಂಡಸಿಗೆ, ಕುಡಿದ ಪ್ರಮಾಣದಿಂದ ರಕ್ತದ ಮದ್ಯವನ್ನು ಅಂದಾಜಿಸುವ ವಿಡ್‌ಮಾರ್ಕ್ ಸೂತ್ರದ 0.68 ಹಾಕಿದರೆ ಬರುವ 44.2ರಿಂದ ಭಾಗಿಸಿ. ರಕ್ತದ ಸಾಂದ್ರತೆಯನ್ನೂ ಸೇರಿಸಿದರೆ ಪೆಗ್ಗಿಗೆ ಸುಮಾರು 24 ಮಿಲಿಗ್ರಾಂ. ಒಂದು ನೈಂಟಿಗೆ 72. ಹೆಂಗಸರಿಗೆ ಸೂತ್ರದ ಸಂಖ್ಯೆ 0.55, ಅಂಕಿ ಇನ್ನೂ ಮೇಲೆ. ಇದು ಪೂರ್ತಿ ಹೀರಿಕೆಯಾಗಿ ಒಂದು ಹನಿಯೂ ಕರಗದಿದ್ದಾಗಿನ ಗರಿಷ್ಠ. ಆದ್ದರಿಂದ 'ಒಂದೇ ಒಂದು ಸಿಕ್ಸ್ಟಿ ಸಾರ್' ಎನ್ನುವವನ ವರದಿಯಲ್ಲಿ 180 ಇದ್ದರೆ, ಟ್ಯೂಬು ಬೇರೆಯವರದ್ದು ಅಥವಾ ಮಾತು ಸುಳ್ಳು. ಬಹುಪಾಲು ಯಾವುದೆಂದು ನಿಮಗೇ ಗೊತ್ತಾಗುತ್ತದೆ.

ಈಗ ಸಮಯದ ಪ್ರಶ್ನೆ. ಕುಡಿದದ್ದು ರಕ್ತಕ್ಕೆ ಸೇರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಹೊಟ್ಟೆ ತುಂಬ ಊಟ ಮಾಡಿದ್ದರೆ ಎರಡು ಗಂಟೆಯವರೆಗೂ ಬೇಕು. ಆಮೇಲೆ ಗಂಟೆಗೆ 10ರಿಂದ 25 ಮಿಲಿಗ್ರಾಂನಂತೆ ಇಳಿಯುತ್ತದೆ, ಸರಾಸರಿ 15 ಆಸುಪಾಸು. ಕಲಂ 185 ಕೇಳುವುದು ಗಾಡಿ ಓಡಿಸುವಾಗ ರಕ್ತದಲ್ಲಿ ಎಷ್ಟಿತ್ತು ಎಂದು. 9:15ಕ್ಕೆ ಊಟದ ಜೊತೆ ಕುಡಿದು 9:30ಕ್ಕೆ ಸಿಕ್ಕಿಬಿದ್ದವನ ರಕ್ತವನ್ನು 11ಕ್ಕೆ ತೆಗೆದರೆ, ಅಲ್ಲಿ ಕಾಣುವುದು ಏರಿ ನಿಂತ ಅಂಕಿ. ಓಡಿಸುವಾಗ 30ರ ಕೆಳಗಿದ್ದಿರಬಹುದು. ಈ ವಾದ ವೈಜ್ಞಾನಿಕವಾಗಿ ಗಟ್ಟಿ. ಆದರೆ ಕೊನೆಯ ಗುಟುಕು ಯಾವಾಗ ಎಂಬುದು ಆರೋಪಿಗೆ ಮಾತ್ರ ಗೊತ್ತಿರುವ ಸಂಗತಿ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 109 ಅವನ ಕಡೆಗೆ ಬೆರಳು ತೋರಿಸುತ್ತದೆ. ಬಾರಿನ ಬಿಲ್ಲು, ಯುಪಿಐ ಪಾವತಿಯ ಸಮಯ ಹಾಜರುಪಡಿಸಬೇಕಾಗುತ್ತದೆ. ಹಾಗೆ ಮಾಡಿದರೆ ಕುಡಿದದ್ದನ್ನು ಒಪ್ಪಿಕೊಂಡಂತೆಯೂ ಹೌದು. ಅಂಕಿ ಮಿತಿಯ ಹತ್ತಿರವಿದ್ದು ಆಲ್ಕೋಮೀಟರ್ ರೀಡಿಂಗ್ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಈ ದಾರಿ.

ತದ್ವಿರುದ್ಧ ಸಂದರ್ಭವೂ ಬರುತ್ತದೆ. ರಕ್ತ ತೆಗೆದದ್ದು ನಾಲ್ಕು ಗಂಟೆ ತಡವಾಗಿ, ವರದಿ 22. ಆಗ ಸರ್ಕಾರಿ ಅಭಿಯೋಜಕರು ಗಂಟೆಗೆ 15ರಂತೆ ಹಿಂದಕ್ಕೆ ಲೆಕ್ಕ ಹಾಕಿ 82 ಎನ್ನುತ್ತಾರೆ. ಒಪ್ಪಬೇಡಿ. ಇಳಿಕೆಯ ವೇಗ 10 ಎಂದಿಟ್ಟುಕೊಂಡರೆ 62, 25 ಎಂದರೆ 122. ಅದೂ ಓಡಿಸುವ ಹೊತ್ತಿಗೆ ಹೀರಿಕೆ ಮುಗಿದಿತ್ತು ಎಂಬುದು ಸಾಬೀತಾಗಿದ್ದರೆ ಮಾತ್ರ. ಇದು ತಜ್ಞರು ಸಾಕ್ಷಿ ಕಟ್ಟೆ ಹತ್ತಿ ಹೇಳಬೇಕಾದ ಅಭಿಪ್ರಾಯ, ವಾದದ ಹೊತ್ತಿನಲ್ಲಿ ಮಾಡುವ ಕೂಡುವ ಲೆಕ್ಕವಲ್ಲ.

ಪ್ರಯೋಗಾಲಯದೊಳಗೆ ಏನು ನೋಡಬೇಕು? ಮೊದಲು ವರದಿಯ ಭಾಷೆ. 'ಈಥೈಲ್ ಆಲ್ಕೋಹಾಲ್ ಕಂಡುಬಂದಿದೆ' ಎಂದಷ್ಟೇ ಇದ್ದು ಪ್ರಮಾಣವಿಲ್ಲದಿದ್ದರೆ 185ಕ್ಕೆ ಅದು ಸಾಲದು, 30 ದಾಟಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಪ್ರಮಾಣವಿದ್ದರೆ ಮಾನ ನೋಡಿ. ಶೇಕಡಾ 0.03 ಎಂದರೆ 30 ಮಿಲಿಗ್ರಾಂ. ಲೀಟರಿಗೆ 300 ಎಂದರೂ ಅದೇ. ಲೀಟರಿಗೆ ಮಿಲಿಮೋಲ್‌ನಲ್ಲಿದ್ದರೆ 4.6ರಿಂದ ಗುಣಿಸಿ, ಸುಮಾರು 6.5 ಎಂದರೆ 30. ಸೊನ್ನೆಯೊಂದು ಆಚೀಚೆಯಾಗಿ ಟೈಪಾಗುವುದು ಅಪರೂಪವೇನಲ್ಲ.

ಆಮೇಲೆ ವಿಧಾನ. ಡೈಕ್ರೋಮೇಟ್ ವಿಧಾನ ಹಳೆಯದು. ಆವಿಯಾಗಿ ಬಂದ ಯಾವುದೇ ಉತ್ಕರ್ಷಣಗೊಳ್ಳುವ ವಸ್ತುವನ್ನೂ ಅದು ಮದ್ಯವೆಂದು ಎಣಿಸಬಹುದು. ಸಕ್ಕರೆ ಕಾಯಿಲೆ ಕೈಮೀರಿದವರ ರಕ್ತದಲ್ಲಿನ ಅಸಿಟೋನ್ ಕೂಡ ಅಂಥದ್ದು. ಈಗಿನ ಸರಿಯಾದ ವಿಧಾನ ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮೆಟೋಗ್ರಫಿ. ಮುಚ್ಚಿದ ಸೀಸೆಯಲ್ಲಿ ರಕ್ತವನ್ನು ಬೆಚ್ಚಗೆ ಮಾಡಿ ಮೇಲಿನ ಆವಿಯನ್ನು ಕೊಳವೆಯ ಮೂಲಕ ಹಾಯಿಸಿ, ಪ್ರತಿ ವಸ್ತು ಹೊರಬರುವ ಸಮಯದ ಮೇಲೆ ಗುರುತಿಸುವುದು. ಇದಕ್ಕೆ ಬೇರೆ ಬೇರೆ ಗುಣದ ಎರಡು ಕೊಳವೆ, ಗೊತ್ತಿರುವ ಪ್ರಮಾಣದ ದ್ರಾವಣಗಳಿಂದ ಹಾಕಿದ ಅಳತೆಯ ಗೆರೆ, ಖಾಲಿ ಮಾದರಿ, ನಿಯಂತ್ರಣ ಮಾದರಿ, ಮತ್ತು ಒಂದೇ ರಕ್ತದ ಎರಡು ಪರೀಕ್ಷೆ ಬೇಕು. ಎರಡರ ನಡುವೆ ಸುಮಾರು ಶೇಕಡಾ 5ಕ್ಕಿಂತ ಹೆಚ್ಚು ಅಂತರವಿದ್ದರೆ ಮತ್ತೆ ಮಾಡಬೇಕು. ಆಂತರಿಕ ಅಳತೆಗಲ್ಲಾಗಿ, ಅಂದರೆ ಹೋಲಿಸಿ ಅಳೆಯಲು ಗೊತ್ತಿರುವ ಪ್ರಮಾಣದಲ್ಲಿ, ಎನ್‑ಪ್ರೊಪನಾಲ್ ಅಥವಾ ಟಿ‑ಬ್ಯೂಟನಾಲ್ ಸೇರಿಸುತ್ತಾರೆ. ಕೊಳೆಯುವ ರಕ್ತದಲ್ಲಿ ಎನ್‑ಪ್ರೊಪನಾಲ್ ತಾನೇ ಹುಟ್ಟುವುದರಿಂದ ಕೆಟ್ಟ ಮಾದರಿಗೆ ಅದು ಸಲ್ಲದು. ಅಷ್ಟೇ ಅಲ್ಲ, ಕ್ರೊಮೆಟೋಗ್ರಾಮಿನಲ್ಲಿ ಹೊರಗಿಂದ ಹಾಕದ ಎನ್‑ಪ್ರೊಪನಾಲ್ ಕಂಡರೆ ಮಾದರಿ ಕೆಟ್ಟಿದೆ ಎಂಬ ಸುಳಿವು ನಿಮಗೆ ಸಿಕ್ಕಂತೆ.

ಈ ಕಾಗದಗಳಾವುವೂ ದೋಷಾರೋಪ ಪಟ್ಟಿಯ ಜೊತೆ ತಾವಾಗಿ ಬರುವುದಿಲ್ಲ. ಬಿಎನ್‌ಎಸ್‌ಎಸ್ ಕಲಂ 94ರಡಿ ಅರ್ಜಿ ಹಾಕಿ, ಎರಡೂ ಕೊಳವೆಗಳ ಕ್ರೊಮೆಟೋಗ್ರಾಂ, ಅಳತೆಯ ಗೆರೆ, ಆ ದಿನದ ಪರೀಕ್ಷೆಗಳ ಸರಣಿ, ಅಳತೆಯ ಅನಿಶ್ಚಿತತೆಯ ಅಂಕಿ, ಸ್ವೀಕೃತಿ ಹಾಳೆಯಲ್ಲಿ ಸೀಲಿನ ಮತ್ತು ರಕ್ತದ ಸ್ಥಿತಿಯ ನಮೂದು ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. 'ಎಲ್ಲ ದಾಖಲೆ' ಎಂದು ಕೇಳಿದರೆ ವರದಿಯ ಇನ್ನೊಂದು ಪ್ರತಿ ಬರುತ್ತದೆ, ಅಷ್ಟೆ.

ಇಲ್ಲೇ ಹೊಸ ಕಾನೂನಿನ ಒಂದು ಬಲೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ ಕಲಂ 330ರ ಪ್ರಕಾರ, ದಾಖಲೆಗಳ ಪ್ರತಿ ಕೊಟ್ಟ 30 ದಿನದೊಳಗೆ ಅವುಗಳ ನೈಜತೆಯನ್ನು ಒಪ್ಪುತ್ತೀರೋ ಅಲ್ಲಗಳೆಯುತ್ತೀರೋ ಹೇಳಬೇಕು. ನ್ಯಾಯಾಲಯ ಕಾರಣ ದಾಖಲಿಸಿ ಅವಧಿ ಸಡಿಲಿಸಬಹುದು. ಪಕ್ಷಕಾರರು ವರದಿಯನ್ನು ವಿವಾದಕ್ಕೊಳಪಡಿಸದಿದ್ದರೆ ತಜ್ಞರನ್ನು ಕರೆಸುವಂತಿಲ್ಲ. ಕಲಂ 329ರಡಿ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು ಅವರ ಹಾಜರಿಯಿಲ್ಲದೆಯೇ ಸಾಕ್ಷ್ಯವಾಗಿ ಓದಬಹುದು. ಎರಡನ್ನೂ ಕೂಡಿಸಿ ಓದಿ: ಮೊದಲ ತಿಂಗಳು ಸುಮ್ಮನಿದ್ದರೆ ಪಾಟಿ ಸವಾಲಿಗೆ ಎದುರಿಗೆ ಮನುಷ್ಯನೇ ಇರುವುದಿಲ್ಲ. ಪ್ರತಿ ಕೈಗೆ ಬಂದ ವಾರದಲ್ಲೇ 'ವರದಿಯನ್ನು ವಿವಾದಿಸುತ್ತೇವೆ, ವಿಶ್ಲೇಷಕರನ್ನು ಕರೆಸಿ' ಎಂಬ ಮೆಮೊ ಹಾಕಿ. 329ರ ಪಟ್ಟಿಯಲ್ಲಿ ಇರುವುದು ಪ್ರಯೋಗಾಲಯದ ನಿರ್ದೇಶಕ, ಉಪನಿರ್ದೇಶಕ, ಸಹಾಯಕ ನಿರ್ದೇಶಕ, ರಾಸಾಯನಿಕ ಪರೀಕ್ಷಕ ಇತ್ಯಾದಿ ಹುದ್ದೆಗಳು ಮತ್ತು ಸರ್ಕಾರ ಅಧಿಸೂಚಿಸಿದ ತಜ್ಞರು. ವರದಿಯ ಕೆಳಗಿನ ಸಹಿ ಯಾವ ಹುದ್ದೆಯದ್ದು ಎಂದು ನೋಡುವುದಕ್ಕೆ ಒಂದು ನಿಮಿಷ ಸಾಕು.

ಮರುಪರೀಕ್ಷೆ ಕೇಳುವಿರಾದರೆ ನಮ್ಮ ಕಾಯ್ದೆಯ ಕೊರತೆ ತಿಳಿದಿರಲಿ. ಆಹಾರ ಕಲಬೆರಕೆ ಕೇಸಿನಲ್ಲಿ ಮಾದರಿಯನ್ನು ನಾಲ್ಕು ಭಾಗ ಮಾಡಬೇಕೆಂದು 2006ರ ಆಹಾರ ಸುರಕ್ಷತಾ ಕಾಯ್ದೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಚಾಲಕ ಕೇಳಿದರೆ ಅವನ ರಕ್ತದ ಒಂದು ಭಾಗವನ್ನು ಅವನಿಗೇ ಕೊಡಬೇಕು. ಕಲಂ 204ರಲ್ಲಿ ಅಂಥ ಮಾತೇ ಇಲ್ಲ. ಉಪ್ಪಿನಕಾಯಿ ಬಾಟಲಿಗಿರುವ ರಕ್ಷಣೆ ರಕ್ತದ ಟ್ಯೂಬಿಗಿಲ್ಲ.

ಬೇಗ ಬಿಟ್ಟುಬಿಡಬೇಕಾದ ವಾದಗಳನ್ನು ಬೇಗನೇ ಹೇಳಿಬಿಡುತ್ತೇನೆ. ಶೇಕಡಾ 10 ಮದ್ಯಸಾರವಿರುವ ಕೆಮ್ಮಿನ ಔಷಧಿ 10 ಮಿಲಿಲೀಟರ್ ಕುಡಿದರೂ ರಕ್ತದಲ್ಲಿ 2 ಮಿಲಿಗ್ರಾಂ ದಾಟದು. ಹೋಮಿಯೋಪತಿ ಹನಿಗಳದ್ದು ಅದಕ್ಕಿಂತ ಕಡಿಮೆ. ಅತಿಯಾಗಿ ಹಣ್ಣಾದ ಹಲಸಿನ ತೊಳೆ ಬಾಯಲ್ಲಿ ಉಳಿಸಿದ ಮದ್ಯಸಾರ ಆಲ್ಕೋಮೀಟರನ್ನು ಕೆಲ ನಿಮಿಷ ಮರುಳು ಮಾಡೀತು, 15 ನಿಮಿಷ ಕಾದು ಮತ್ತೆ ಊದಿಸಿದರೆ ಅದು ಹೋಗಿರುತ್ತದೆ. ರಕ್ತದ ವರದಿಗೆ ಹಲಸನ್ನು ತರಬೇಡಿ.

ರಕ್ತ ಕೊಡಲು ನಿರಾಕರಿಸಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಕಲಂ 205 ಓದಿ. ಸಮಂಜಸ ಕಾರಣವಿಲ್ಲದ ನಿರಾಕರಣೆಯನ್ನು ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಬೆಂಬಲವೆಂದು ಭಾವಿಸಬಹುದು. ಒಳರೋಗಿಯಾಗಿದ್ದವನ ವಿಷಯ ಬೇರೆ: ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಮೊದಲು ತಿಳಿಸಬೇಕು, ರೋಗಿಗೆ ತೊಂದರೆ ಎಂದು ಅವರು ಆಕ್ಷೇಪಿಸಿದರೆ ರಕ್ತ ಕೇಳುವಂತಿಲ್ಲ. ಕೇಸ್ ಶೀಟಿನಲ್ಲಿ ಆ ನಮೂದು ಹುಡುಕಿ.

ರಕ್ತದ ವರದಿ ಬಿದ್ದುಹೋದರೆ ಉಳಿಯುವುದು ವೈದ್ಯರ ಕಣ್ಣಿನ ಸಾಕ್ಷ್ಯ. ಬಾಯಿಯ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಹಿಗ್ಗಿದ ಪಾಪೆ ಇಷ್ಟರಿಂದಲೇ ಕುಡಿದಿದ್ದ ಎಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರ ಬಚ್ಚೂಭಾಯಿ ಹಸನಲ್ಲಿ ಕರ್ಯಾಣಿ ಪ್ರಕರಣದಲ್ಲಿ ಹೇಳಿತು. ಅಲ್ಲಿ ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷಿಸಿರಲಿಲ್ಲ. 185ರ ಕೇಸಿನಲ್ಲಿ ಈ ತೀರ್ಪು ಇಂದಿಗೂ ಬಲವಾದ ಆಧಾರ.

ಆದರೆ ವಿಮೆಯ ಕೇಸಿನಲ್ಲಿ ಅದೇ ಭರವಸೆ ಇಟ್ಟುಕೊಳ್ಳಬೇಡಿ. 2021ರಲ್ಲಿ ಇಫ್ಕೋ ಟೋಕಿಯೋ ವಿರುದ್ಧ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾಹನದ ನಷ್ಟ ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ರಕ್ತ ಪರೀಕ್ಷೆಯ ಅಂಕಿಯೇ ಬೇಕೆಂದಿಲ್ಲ, ಬೇರೆ ಸಾಕ್ಷ್ಯದಿಂದಲೂ ಮದ್ಯದ ಪ್ರಭಾವವನ್ನು ಸಾಬೀತು ಮಾಡಬಹುದು ಎಂದಿತು. ಮೂರನೆಯವರ ಪರಿಹಾರದಲ್ಲೂ 2019ರ ತಿದ್ದುಪಡಿ ಕಲಂ 150ರಲ್ಲಿ 185ರ ಮಟ್ಟದ ಮದ್ಯಪಾನವನ್ನು ವಿಮಾ ಕಂಪನಿಯ ಪ್ರತಿವಾದವಾಗಿ ಸೇರಿಸಿದೆ. ಅಪಘಾತದ ರಾತ್ರಿ ಗಾಯದ ಪ್ರಮಾಣಪತ್ರದಲ್ಲಿ ಬರೆದ 'ಮದ್ಯದ ವಾಸನೆ ಇದೆ' ಎಂಬ ಮೂರು ಪದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಗೌಣವಾಗಿ, ಎಂಎಸಿಟಿಯಲ್ಲಿ (ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ) ಮುಖ್ಯವಾಗುವುದು ಹೀಗೆ. ಆದ್ದರಿಂದ 185ರ ಕೇಸಿನಲ್ಲಿ ವೈದ್ಯರು ಸಾಕ್ಷಿ ಕಟ್ಟೆಯಲ್ಲಿ ಇದ್ದಾಗಲೇ ಆ ಮೂರು ಪದಗಳ ಬಗ್ಗೆಯೂ ಕೇಳಿಬಿಡಿ: ಗಾಯಾಳುವನ್ನು ಮೊದಲು ನೋಡಿದವರು ಯಾರು, ವಾಸನೆ ಬಾಯಿಯದ್ದೋ ಬಟ್ಟೆಯದ್ದೋ, ಬರೆದದ್ದು ಪರೀಕ್ಷಿಸಿದ ಕ್ಷಣದಲ್ಲೋ ಪೊಲೀಸರ ಕೋರಿಕೆ ಬಂದ ಮೇಲೋ. ಆ ಸಾಕ್ಷ್ಯದ ದೃಢೀಕೃತ ನಕಲು ತೆಗೆದು ಪರಿಹಾರದ ಫೈಲಿನಲ್ಲಿ ಇಟ್ಟುಕೊಳ್ಳಿ.